ಬ್ಲೇಡು ಕಳಚಿದ ಗಾಡಿ

ತಂದಿಟ್ಟ ಕಾಫಿ ಆರಿಹೋಗಿತ್ತು. ಲೊವೆಲ್ ಶೆಡ್ಡಿನ ಸಿಮೆಂಟು ನೆಲದ ಮೇಲೆ ಅಂಗಾತ ಮಲಗಿ, ಹುಲ್ಲು ಕತ್ತರಿಸುವ ಗಾಡಿಯ ಹೊಟ್ಟೆಯ ಕೆಳಗೆ ಕೈ ತೂರಿಸಿ, ಹೊಸದಾಗಿ ಕೂರಿಸಿದ ಪುಲ್ಲಿಯ ಮೇಲೆ ಬೆಲ್ಟು ಎಳೆಯುತ್ತಿದ್ದ. ಬೆಲ್ಟು ಬರಲೊಲ್ಲದು. ಬೆರಳು ಸಂದಿಗೆ ಸಿಕ್ಕಿ ಚರ್ಮ ಸುಲಿಯಿತು. ಅವನು ಬೈಯಲಿಲ್ಲ; ಚರ್ಚಿನ ಡೀಕನ್, ಸಭೆಯ ಹಿರಿಯ, ಬೈಯುವ ಅಭ್ಯಾಸ ಅವನಿಗಿಲ್ಲ. ಆದರೆ ಬಿಗಿದ ಬೆಲ್ಟನ್ನು ಇನ್ನೊಂದು ಸಲ ಹಿಡಿದು ಎಳೆಯುವಾಗ ಕಣ್ಣಿಗೆ ಕಟ್ಟಿದ್ದು ಗೇಲನ್‌ನ ಕತ್ತು. ಗೇಲನ್ ಲೊವೆಲ್‌ನ ಹೆಂಡತಿಯ ತಮ್ಮ. ಇಷ್ಟು ವರ್ಷ ಪ್ರತಿ ಭಾನುವಾರ ಮೌಂಟ್ ಆಲಿವೆಟ್ ಚರ್ಚಿನಲ್ಲಿ ಅವನ ಹಿಂದಿನ ಬೆಂಚಿನಲ್ಲಿ ಕೂತು ಲೊವೆಲ್ ನೋಡಿದ್ದು ಆ ಕತ್ತನ್ನೇ: ಬಿಸಿಲಿಗೆ ಕೆಂಪಾದದ್ದು, ಬಿಳಿ ಅಂಗಿಯ ಕಾಲರಿನ ಮೇಲೆ ಒಂದು ಮಡಿಕೆ ಬಿದ್ದದ್ದು, ಹಾಡುವಾಗ ಉಬ್ಬುವಂಥದ್ದು. ಈಗ ಲೊವೆಲ್ ಕೂರುವುದು ಎಲ್ಲರಿಗಿಂತ ಹಿಂದಿನ ಬೆಂಚಿನಲ್ಲಿ, ಬಾಗಿಲ ಪಕ್ಕ. ಅಲ್ಲಿಂದಲೂ ಕತ್ತು ಕಾಣುತ್ತದೆ. ದೇವರು ಮನುಷ್ಯನ ಕಣ್ಣನ್ನು ಯಾಕೆ ಇಷ್ಟು ದೂರ ನೋಡುವ ಹಾಗೆ ಮಾಡಿದನೋ. ಬೆಲ್ಟು ಟಪ್ ಎಂದು ಪುಲ್ಲಿಯ ತೋಡಿಗೆ ಬಿದ್ದು ಕೂತಿತು.

ಈ ಗಾಡಿ ಅವನದಲ್ಲ, ಚರ್ಚಿನದು, ಅಥವಾ ಚರ್ಚಿನದಾಗಿತ್ತು. ಇದರ ಮೇಲೆ ಕೂತು ಅವನು ಸ್ಮಶಾನದ ಹುಲ್ಲು ಕತ್ತರಿಸುತ್ತಿದ್ದ; ಸಂಬಳಕ್ಕಲ್ಲ, ಯಾರೂ ಹೇಳಿದ್ದಕ್ಕೂ ಅಲ್ಲ. ಶನಿವಾರ ಬೆಳಿಗ್ಗೆ ಇಬ್ಬನಿ ಆರುವುದನ್ನು ಕಾದು ಹೊರಟರೆ, ಸೀಟಿನ ಕೆಳಗೆ ಬರುವ ಒಂದೊಂದು ಏರಿಳಿತಕ್ಕೂ ಅವನಿಗೆ ಒಂದೊಂದು ಹೆಸರು ತಿಳಿದಿತ್ತು. ಇಲ್ಲಿ ಹಳೆಯ ಟಾಲ್ಬಟ್ ದಂಪತಿ ಕುಸಿದಿದ್ದಾರೆ, ಇಲ್ಲಿ ಅಪ್ಪ, ಇಲ್ಲಿ ಹುಷಾರು, ಬೇರು. ಎಂಜಿನ್ನಿನ ಸದ್ದಿನೊಳಗೆ ಕೂತು ಪ್ರಾರ್ಥನೆ ಮಾಡಿದಷ್ಟು ನಿರಾಳವಾಗಿ ಅವನು ಚರ್ಚಿನೊಳಗೆ ಎಂದೂ ಮಾಡಿದವನಲ್ಲ. ಕಳೆದ ಜೂನಿನಲ್ಲಿ ಹಾಗೆ ಪ್ರಾರ್ಥಿಸುತ್ತಲೇ ತಿರುವಿನಲ್ಲಿ ಗಾಡಿಯ ಅಂಚು ಒಂದು ಪುಟ್ಟ ಗೋರಿಕಲ್ಲಿಗೆ ತಗಲಿತು. ಈ ಕಡೆಯ ಸುಣ್ಣಕಲ್ಲು ಮೆದು. ಬ್ರೆಡ್ಡಿನ ತುಂಡಿನಷ್ಟು ಮೂಲೆ ಚಕ್ಕೆಯಾಗಿ ಹಾರಿತು. ಗೇಲನ್‌ನ ಮಗಳು ಲೀಡಿಯಾಳ ಕಲ್ಲು ಅದು, ಹೆಸರಿಡುವಷ್ಟು ಮಾತ್ರ ಬದುಕಿದ ಮಗು. ಲೊವೆಲ್ ಇಳಿದ. ಸುತ್ತ ನೋಡಿದ. ಯಾರೂ ಇರಲಿಲ್ಲ, ರಸ್ತೆಯಾಚೆ ಜೋಳದ ಹೊಲ ಮಾತ್ರ. ಎರಡು ಬೊಗಸೆ ಹಸಿ ಹುಲ್ಲು ತಂದು ಆ ಮೂಲೆಯ ಮೇಲೆ ಹರಡಿ, ಮತ್ತೆ ಹತ್ತಿ ಕೂತು ಉಳಿದ ಹುಲ್ಲು ಕತ್ತರಿಸಿ ಮುಗಿಸಿದ. ಯಾಕೆ ಹಾಗೆ ಮಾಡಿದೆ ಎಂದು ಅವನು ತನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದಾನೆ. ಮರುದಿನ ಹೇಳೋಣವೆಂದಿದ್ದ. ಮರುದಿನ ಮಳೆ ಬಂತು. ಆಮೇಲೆ ಹುಲ್ಲು ಒಣಗಿತು, ಒಣಗಿದ ಹುಲ್ಲು ಗಾಳಿಗೆ ಅರ್ಧ ಹಾರಿತು, ಉಳಿದದ್ದನ್ನು ಸರಿಸಿ ಗೇಲನ್ ಚಕ್ಕೆಯನ್ನು ಕಂಡ.

ಚರ್ಚಿನ ನೆಲಮಾಳಿಗೆಯ ಸಭೆಯಲ್ಲಿ ಗೇಲನ್ ಆ ಚಕ್ಕೆಯನ್ನು ಕರವಸ್ತ್ರದಿಂದ ಬಿಚ್ಚಿ ಕಾಫಿ ಪಾತ್ರೆಯ ಪಕ್ಕ ಇಟ್ಟ. ಯಾರೂ ಕಾಫಿಗೆ ಏಳಲಿಲ್ಲ. ಪಾಸ್ಟರ್ ಕರುಣೆಯ ಮನುಷ್ಯ, ಅವರೇ ದಾರಿ ಮಾಡಿಕೊಟ್ಟರು: "ಸಹೋದರ ಲೊವೆಲ್‌ಗೆ ವಯಸ್ಸಾಯ್ತು, ಕಣ್ಣು ಸ್ವಲ್ಪ ಮಂಜಾಗಿರ್ಬೇಕು. ಯಾರಿಗಾದ್ರೂ ಆಗೋದೇ." ಲೊವೆಲ್ ಹೌದೆಂದು ತಲೆಯಾಡಿಸಿದ. ಆ ತಲೆಯಾಡಿಸಿದ್ದೇ ಈಗಲೂ ಅವನನ್ನು ಸುಡುವುದು. ಗೇಲನ್ ಕೂತಲ್ಲಿಂದಲೇ, ದನಿ ಏರಿಸದೆ ಹೇಳಿದ: "ಕಣ್ಣು ಸರಿಯಾಗೇ ಇದೆ ಪಾಸ್ಟರ್. ಹುಲ್ಲು ತಂದು ಮುಚ್ಚೋಕೆ ಕಣ್ಣು ಬೇಕಲ್ಲ." ಮುಂದಿನ ತಿಂಗಳಿಂದ ಸ್ಮಶಾನದ ಕೆಲಸ ಪೇಟೆಯ ಯಾವುದೋ ಕಂಪನಿಯ ಪಾಲಾಯಿತು. ಹಳೆಯ ಗಾಡಿಯನ್ನು ಲೊವೆಲ್‌ನ ಸೇವೆಯ ನೆನಪಿಗೆಂದು ಅವನಿಗೇ ಕೊಟ್ಟರು. ಸ್ಟಿಯರಿಂಗಿಗೆ ಯಾರೋ ನೀಲಿ ರಿಬ್ಬನ್ ಕಟ್ಟಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸತ್ತವನ ಬಟ್ಟೆಯನ್ನು ಬದುಕಿರುವಾಗಲೇ ಮಡಿಸಿ ಕೈಗಿಟ್ಟ ಹಾಗೆ.

"ಇನ್ನೂ ಎಷ್ಟೊತ್ತು ಅದರ ಕೆಳಗೇ ಮಲಗಿರ್ತೀಯ?" ಬಾಗಿಲಲ್ಲಿ ಹೆಂಡತಿ ನೊರೀನ್ ನಿಂತಿದ್ದಳು. ಅವಳ ಕೈಯಲ್ಲಿ ಪರ್ಸಿಮನ್ ಹಣ್ಣಿನ ಪುಡ್ಡಿಂಗಿನ ತಟ್ಟೆ, ಮೇಲೆ ಬಟ್ಟೆ ಮುಚ್ಚಿತ್ತು.

"ಮುಗೀತು."

"ಗೇಲನ್ ಬರ್ತಾನೆ ಓಟಕ್ಕೆ. ಅವನೂ ಯಾವುದೋ ಗಾಡಿ ರೆಡಿ ಮಾಡಿದಾನಂತೆ, ಅವನ ಹೆಂಡ್ತಿ ಟ್ರೀವಾನೇ ಹೇಳಿದ್ಲು."

"ಬರ್ಲಿ."

"ಮಾತಾಡ್ಸು, ಲೊವೆಲ್. ಇಷ್ಟೇ ನಾನು ಕೇಳೋದು."

"ಅವನು ಮಾತಾಡ್ಸಿದ್ರೆ ನಾನೂ ಮಾತಾಡ್ಸ್ತೀನಿ."

"ಅವನೂ ಅದನ್ನೇ ಅಂತಾನೆ," ಎಂದು ನೊರೀನ್ ತಟ್ಟೆಯನ್ನು ಎದೆಗೆ ಒತ್ತಿಕೊಂಡಳು. "ನಿಮ್ಮಿಬ್ರನ್ನ ಒಂದೇ ಗೋಣೀಲಿ ಹಾಕಿ ಬಾಯಿ ಹೊಲೀಬೇಕು." ತಮ್ಮನ ಕಲ್ಲೂ ಗಂಡನ ಗಾಡಿಯೂ ಅವಳ ಎದೆಯೊಳಗೆ ಎಲ್ಲಿ ಯಾವಾಗ ತಾಗುತ್ತವೆ ಎಂದು ಲೊವೆಲ್ ಕೇಳಿದವನಲ್ಲ.

ಅಗ್ನಿಶಾಮಕ ದಳಕ್ಕೆ ನೀರಿನ ಹೊಸ ಹೋಸುಪೈಪು ಕೊಳ್ಳುವ ದುಡ್ಡಿಗಾಗಿ ಪ್ರತಿ ಸೆಪ್ಟೆಂಬರಿನಲ್ಲಿ ನಡೆಯುವ ಈ ಹುಲ್ಲುಗಾಡಿಗಳ ಓಟಕ್ಕೆ ಅವನು ಎಂದೂ ಇಳಿದವನಲ್ಲ. ಇಳಿಯುವವರನ್ನು ಕಂಡು ಒಳಗೊಳಗೇ ನಕ್ಕವನು. ಈ ಸಲ ಇಳಿಯಬೇಕೆಂದು ನಿರ್ಧರಿಸಿದ್ದು ಬೇರೆ ಯಾವ ಕಾರಣಕ್ಕೂ ಅಲ್ಲ. ತನ್ನ ಕೈಗೆ ಭಿಕ್ಷೆಯಂತೆ ಬಂದ ಗಾಡಿ ಗೇಲನ್‌ನನ್ನು ಹಿಂದೆ ಹಾಕಿ ಹೋಗಬೇಕು, ಅವನ ಬಾಯಿಗೆ ಧೂಳು ತುಂಬಬೇಕು, ಚಪ್ಪಾಳೆ ತಟ್ಟಿದವರೆಲ್ಲ ಅದನ್ನು ನೋಡಬೇಕು. ಕೈಯಿಂದ ದುಡ್ಡು ಹಾಕಲಿಲ್ಲ, ಹಾಕಲು ಇರಲೂ ಇಲ್ಲ. ಮೊದಲು ಬ್ಲೇಡುಗಳನ್ನೂ ಅವುಗಳ ತಗಡಿನ ಚಿಪ್ಪನ್ನೂ ಕಳಚಿದ; ಓಟಕ್ಕೆ ಬ್ಲೇಡಿರಕೂಡದೆಂಬುದು ಕಾನೂನು. ಗಾಡಿಯ ಅರ್ಧ ಭಾರ ಹೋಯಿತು. ಹೊಟ್ಟೆ ಕಳೆದುಕೊಂಡ ಅದು ಕಾಲೆತ್ತಿ ನಿಂತ ಬಡಕಲು ನಾಯಿಯ ಹಾಗೆ ಕಂಡಿತು. ಕಾಳು ಏರಿಸುವ ಹಳೆಯ ಯಂತ್ರದಿಂದ ಬಿಚ್ಚಿದ ದೊಡ್ಡ ಪುಲ್ಲಿಯನ್ನು ಎಂಜಿನ್ನಿಗೂ, ಹಿಮ ತಳ್ಳುವ ಯಂತ್ರದ ಚಿಕ್ಕದನ್ನು ಹಿಂದಿನ ಅಚ್ಚಿಗೂ ಕೂರಿಸಿದ. ಎಂಜಿನ್ ಮೊದಲಿನಷ್ಟೇ ತಿರುಗಿದರೂ ಚಕ್ರ ಮೂರು ಪಟ್ಟು ಓಡಬೇಕು. ಮುಂದಿನ ಅಚ್ಚನ್ನು ತಿರುವಿ ಹಾಕಿ ಗಾಡಿಯನ್ನು ನೆಲಕ್ಕಿಳಿಸಿದ. ಬ್ರೇಕು ಬಿಗಿ ಮಾಡಿದ. ಗವರ್ನರ್ ಒಂದನ್ನು ಮುಟ್ಟಲಿಲ್ಲ. ಎಂಜಿನ್ ಅತಿ ವೇಗಕ್ಕೆ ಹೋಗದಂತೆ ಹಿಡಿದಿಡುವ ಆ ಪುಟ್ಟ ತೋಳನ್ನೂ ಅದರ ಸ್ಪ್ರಿಂಗನ್ನೂ ಅವನು ಒರೆಸಿ, ಎಣ್ಣೆ ಬಿಟ್ಟು, ಹಾಗೇ ಇಟ್ಟ. ತಾನು ಯುವಕನಾಗಿದ್ದಾಗ ದನಕರುಗಳ ದಾಣಿಯ ಅಂಗಡಿಯ ಹಿಂದೆ ಥರ್ಲ್ ಎಂಬವನು ಗವರ್ನರ್ ಕಿತ್ತು ಎಂಜಿನ್ ಓಡಿಸಿದ್ದನ್ನು ಅವನು ನಿಂತು ನೋಡಿದ್ದ. ಸದ್ದು ಏರುತ್ತ ಏರುತ್ತ ಕೀರಲಾಗಿ, ಆಮೇಲೆ ಸದ್ದೇ ಇಲ್ಲ. ಮೇಲಿನ ಫ್ಲೈವೀಲು, ಊಟದ ತಟ್ಟೆಯಗಲದ ಎರಕದ ಚಕ್ರ, ಸಿಡಿದು ಚೂರಾಗಿತ್ತು. ಒಂದು ಚೂರು ಅಂಗಡಿಯ ತಗಡಿನ ಗೋಡೆ ತೂರಿತ್ತು. ಇನ್ನೊಂದು ಥರ್ಲ್‌ನ ತೊಡೆ. ತಗಡಿನ ತೂತು ಇವತ್ತಿಗೂ ಇದೆ. ಮಧ್ಯಾಹ್ನ ಅದರಿಂದ ಬಿಸಿಲಿನ ಕೋಲೊಂದು ಮೂಟೆಗಳ ಮೇಲೆ ಬೀಳುತ್ತದೆ. ಥರ್ಲ್ ಇಲ್ಲ. ಸ್ಮಶಾನದ ಬೇಲಿಯ ಕಡೆ, ಎಡಕ್ಕೆ ಸ್ವಲ್ಪ ತಗ್ಗು.

ದಳದ ಕಟ್ಟಡದ ಹಿಂದಿನ ಹುಲ್ಲುಗಾವಲಿನಲ್ಲಿ ಹುಲ್ಲಿನ ಪಿಂಡಿಗಳನ್ನಿಟ್ಟು ಓಟದ ದಾರಿ ಗುರುತು ಮಾಡಿದ್ದರು. ಹಂದಿಮಾಂಸ ಕರಿಯುವ ಎಣ್ಣೆಯ ವಾಸನೆ, ಮಡಿಸುವ ಕುರ್ಚಿಗಳ ಸಾಲು. ನೊರೀನ್ ಹೋಗಿ ಟ್ರೀವಾಳ ಪಕ್ಕ ಕೂತಳು. ಲೊವೆಲ್ ಗಾಡಿ ಇಳಿಸಿ ಸಾಲಿನ ಕೊನೆಯಲ್ಲಿ ನಿಲ್ಲಿಸಿದ್ದೇ ತಡ, ಗೇಲನ್ ತನ್ನದನ್ನು ತಳ್ಳಿಕೊಂಡು ಬಂದು, ಬೇರೆ ಜಾಗವಿದ್ದರೂ, ಸರಿಯಾಗಿ ಅವನ ಎಡಕ್ಕೇ ನಿಲ್ಲಿಸಿದ. ಅದರ ಅರ್ಥ ಎಲ್ಲರಿಗೂ ಗೊತ್ತು. ಈ ಓಟದಲ್ಲಿ ಗಾಡಿಗಳನ್ನು ಪರೀಕ್ಷಿಸುವ ಅಧಿಕಾರಿ ಇಲ್ಲ. ಹಿಂದೆ ದಳದ ಕ್ಯಾಪ್ಟನ್ ಕ್ಲೀಟಸ್ ಪರೀಕ್ಷಿಸುತ್ತಿದ್ದ. ನೆಂಟರ ಗಾಡಿಗೆ ಕಣ್ಣು ಮುಚ್ಚಿದನೆಂದು ಜಗಳವಾದ ಮೇಲೆ, ಒಬ್ಬೊಬ್ಬನೂ ತನ್ನ ಎಡಗಡೆಯವನ ಗಾಡಿ ನೋಡಿ, ಸರಿಯಿದ್ದರೆ ಸೀಟಿನ ಬೆನ್ನಿಗೆ ಸೀಮೆಸುಣ್ಣದಿಂದ ಶಿಲುಬೆಯ ಗುರುತು ಹಾಕಬೇಕೆಂದಾಯಿತು. ಗುರುತಿಲ್ಲದ ಗಾಡಿ ಹೊರಡುವಂತಿಲ್ಲ. ಎದುರಾಳಿ ಸುಮ್ಮಸುಮ್ಮನೆ ಗುರುತು ಹಾಕುವುದಿಲ್ಲ ಎಂಬುದು ಲೆಕ್ಕ.

"ಏನಪ್ಪ ಗೇಲನ್, ಅಲ್ಲೇ ಯಾಕೆ?" ಎಂದು ಕ್ಲೀಟಸ್ ಕೂಗಿದ.

"ಇರ್ಲಿ ಬಿಡು. ಸಹೋದರ ಲೊವೆಲ್ ನೋಡ್ಲಿ. ಇವನಿಗಿಂತ ಸೂಕ್ಷ್ಮವಾಗಿ ನೋಡೋನು ಈ ಕೌಂಟೀಲಿ ಯಾರಿದಾನೆ?" ಗೇಲನ್ ಲೊವೆಲ್‌ನ ಕಡೆ ತಿರುಗದೆಯೇ ಹೇಳಿದ. "ತಪ್ಪು ಹುಡುಕ್ತಾನೆ. ಬೇರೆಯವರ ಗಾಡೀದು ತಾನೆ."

ಸುತ್ತ ಇದ್ದವರು ನಕ್ಕರು. ಯಾರೋ, "ಹುಷಾರು, ಮೇಲೆ ಹುಲ್ಲು ಮುಚ್ಚಿ ಬಿಟ್ಟಾನು," ಎಂದರು. ಲೊವೆಲ್‌ನ ಕಿವಿ ಬಿಸಿಯಾಯಿತು. ಕ್ಲೀಟಸ್ ಕೊಟ್ಟ ಸೀಮೆಸುಣ್ಣ ತೆಗೆದುಕೊಂಡು ಅವನು ಗೇಲನ್‌ನ ಗಾಡಿಯ ಮುಂದೆ ಮಂಡಿಯೂರಿದ. ಬ್ಲೇಡಿಲ್ಲ, ಸರಿ. ಬ್ರೇಕು ಹಿಡಿಯುತ್ತದೆ. ಬಿದ್ದರೆ ಎಂಜಿನ್ ನಿಲ್ಲಿಸುವ ಮಣಿಕಟ್ಟಿನ ಹಗ್ಗ ಇದೆ. ಪುಲ್ಲಿ ತನ್ನಂಥದ್ದೇ. ಎಂಜಿನ್ನಿನ ಮುಚ್ಚಳ ತೆಗೆದುಹಾಕಿದ್ದ. ಅಲ್ಲಿ, ಗವರ್ನರಿನ ತೋಳಿಗೆ ಸ್ಪ್ರಿಂಗ್ ಇರಬೇಕಾದ ಜಾಗದಲ್ಲಿ, ಪಿಂಡಿ ಕಟ್ಟುವ ತಂತಿ. ಎರಡು ಸುತ್ತು ಸುತ್ತಿ, ಇಕ್ಕುಳದಿಂದ ತಿರುಚಿ, ತುದಿ ಮಡಿಸಿ ಅಚ್ಚುಕಟ್ಟಾಗಿ ಬಿಗಿದಿದ್ದ. ಇಲ್ಲಿಯ ಜನ ಬೇಲಿಯ ಗೇಟಿಗೆ, ಕಾರಿನ ಸೈಲೆನ್ಸರಿಗೆ, ಹರಿದ ಬೂಟಿಗೆ ಎಲ್ಲಕ್ಕೂ ಆ ತಂತಿಯನ್ನೇ ಕಟ್ಟುತ್ತಾರೆ, ಹಾಗೆ ಕಟ್ಟಿದ್ದು ಹತ್ತು ವರ್ಷ ಬಾಳುತ್ತದೆ. ಸ್ಪ್ರಿಂಗ್ ಹಿಗ್ಗಿ ಕುಗ್ಗುತ್ತದೆ, ತಂತಿ ಹಿಗ್ಗುವುದಿಲ್ಲ ಎಂಬುದನ್ನು ಗೇಲನ್ ಯೋಚಿಸಿಲ್ಲ. ತೋಳು ಅಲುಗದು. ಎಂಜಿನ್ನಿಗೆ ಈಗ ಲಗಾಮಿಲ್ಲ. ಅದರ ಮೇಲೆ ಅದೇ ಎರಕದ ಫ್ಲೈವೀಲು, ಕೂತವನ ತೊಡೆಯ ಎತ್ತರಕ್ಕೆ.

ಲೊವೆಲ್ ಮಂಡಿಯೂರಿಯೇ ಇದ್ದ. ಹೇಳಬೇಕಾದದ್ದು ಒಂದೇ ಮಾತು. ಹೇಳಿದರೆ? ಕಲ್ಲಿನ ಸೇಡು ತೀರಿಸುತ್ತಿದ್ದಾನೆ ಎನ್ನುತ್ತಾರೆ. ಹೇಳದೆ ಗುರುತು ಹಾಕದಿದ್ದರೂ ಅದನ್ನೇ ಎನ್ನುತ್ತಾರೆ. ಅನ್ನಲಿ, ಅಂದರೇನು? ಆದರೆ ಆ ಮಾತನ್ನು ಅವನು ತಡೆದುಕೊಂಡ. ಅದು ಜನರ ಭಯದಿಂದಲ್ಲ ಎಂಬುದು ಅವನಿಗೆ ಸ್ಪಷ್ಟವಾಗಿ ತಿಳಿಯುತ್ತಿತ್ತು, ಹಲ್ಲಿನ ಸಂದಿಯಲ್ಲಿ ಸಿಕ್ಕಿದ್ದು ತಿಳಿಯುವ ಹಾಗೆ. ಕಾಫಿ ಪಾತ್ರೆಯ ಪಕ್ಕದ ಕರವಸ್ತ್ರ. ನೀಲಿ ರಿಬ್ಬನ್. ಕೆಲವೇ ಸುತ್ತು ತಾನೆ, ಏನೂ ಆಗದಿರಬಹುದು. ಏನಾದರೂ ಆದರೆ ಕಟ್ಟಿದವನು ಅವನು. ದೇವರೇ, ಎಂದು ಪ್ರಾರ್ಥಿಸಲು ಶುರುಮಾಡಿದ. ದೇವರೇ, ಅವನನ್ನು. ಮುಂದಿನ ಪದ ಬರಲಿಲ್ಲ. ಎಷ್ಟೋ ವರ್ಷ ಎಂಜಿನ್ನಿನ ಸದ್ದಿನೊಳಗೆ ತಾನಾಗಿ ಹರಿದಿದ್ದ ಪ್ರಾರ್ಥನೆ ಆ ಎರಡು ಪದದ ಮುಂದೆ ಮೊಂಡು ಕತ್ತೆಯಂತೆ ನಿಂತಿತು.

"ಏನು, ಗಾಡಿಗೆ ಸ್ತೋತ್ರ ಹೇಳ್ತಿದೀಯ?" ಗೇಲನ್ ಮೇಲಿಂದ ಕೇಳಿದ. "ತಪ್ಪಿದ್ರೆ ಹೇಳು. ಎಲ್ರ ಮುಂದೆ ಹೇಳು. ನಾನಂತೂ ಹಂಗೇ ಹೇಳೋನು."

ಲೊವೆಲ್ ಎದ್ದ. ಮಂಡಿ ಲಟಕ್ಕೆಂದಿತು. ಸೀಟಿನ ಹಿಂದೆ ಹೋಗಿ, ಒಂದು ಗೀಟು ಮೇಲಿನಿಂದ ಕೆಳಗೆ, ಒಂದು ಅಡ್ಡ, ಸೀಮೆಸುಣ್ಣದ ಶಿಲುಬೆ ಬರೆದ. ಗೀಟು ನೇರವಾಗಿ ಬಂತು. ಸೀಮೆಸುಣ್ಣದ ಪುಡಿ ಬೆರಳಿಗೆ ಹತ್ತಿತ್ತು. ಪ್ಯಾಂಟಿಗೆ ಒರೆಸಿದ, ಹೋಗಲಿಲ್ಲ.

ಆಮೇಲಿನದು ಅವನಿಗೆ ನೀರಿನೊಳಗಿಂದ ಕೇಳಿದಂತೆ. ತನ್ನ ಗಾಡಿಗೆ ಬಲಗಡೆಯವನು ಗುರುತು ಹಾಕಿದ. ಕ್ಲೀಟಸ್ ನಿಯಮ ಹೇಳಿದ: ಎಲ್ಲರೂ ಆಚೆ ಗೀಟಿನ ಹಿಂದೆ ನಿಲ್ಲಬೇಕು, ಬಾವುಟ ಬಿದ್ದ ಮೇಲೆ ಓಡಿಬಂದು, ಹಗ್ಗ ಎಳೆದು ಎಂಜಿನ್ ಶುರುಮಾಡಿ ಹೊರಡಬೇಕು. ಪಾಸ್ಟರ್ ಪ್ರಾರ್ಥನೆ ಮಾಡಿದರು, ಎಲ್ಲರೂ ಟೋಪಿ ತೆಗೆದರು. ಗೇಲನ್ ಲೊವೆಲ್‌ನ ಮುಂದೆ ಓರೆಯಾಗಿ, ತಲೆಬಾಗಿ ನಿಂತಿದ್ದ. ಆ ಕತ್ತು. ಕಿವಿಯ ಹಿಂದೆ, ಬ್ಲೇಡು ತಪ್ಪಿದಲ್ಲಿ, ಒಂದಿಷ್ಟು ಕೂದಲು ಉಳಿದಿತ್ತು. ಲೀಡಿಯಾಳನ್ನು ಮಣ್ಣು ಮಾಡಿದ ಆವತ್ತೂ ಹಾಗೇ ಉಳಿದಿತ್ತು. ಮಾರ್ಚಿನ ಚಳಿ, ನೆಲ ಇನ್ನೂ ಹೆಪ್ಪುಗಟ್ಟಿತ್ತು. ಅಷ್ಟು ಚಿಕ್ಕ ಕುಣಿಗೆ ಯಂತ್ರ ಯಾಕೆ, ಬೇಡ ಎಂದು ಲೊವೆಲ್ ತಾನೇ ಹಾರೆ ಹಿಡಿದು ಅಗೆದಿದ್ದ, ಮೂಲೆಗಳನ್ನು ಸಲಿಕೆಯಿಂದ ಕೆತ್ತಿ ನೇರ ಮಾಡಿದ್ದ. ಕಾರಿನ ಮುಂದಿನ ಸೀಟಿನಲ್ಲಿ ಗೇಲನ್ ಆ ಪುಟ್ಟ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ, ಹಿಂದಿನ ಸೀಟಿನಿಂದ ಲೊವೆಲ್‌ಗೆ ಕಂಡದ್ದು ಕಿವಿಯ ಹಿಂದೆ ಉಳಿದ ಕೂದಲು. ಅರ್ಧ ಕ್ಷೌರದಲ್ಲಿ ಎದ್ದು ಬಂದವನ ಕತ್ತು. ಪೆಟ್ಟಿಗೆ ಇಳಿಸುವಾಗ ಗೇಲನ್, "ಮೂಲೆ ಚೆನ್ನಾಗಿ ತೆಗ್ದಿದೀಯ, ಲೊವೆಲ್," ಎಂದಿದ್ದ. ಬೇರೇನೂ ಅಂದಿರಲಿಲ್ಲ. ಜೂನಿನಲ್ಲಿ ತಾನು ಮುರಿದದ್ದು ಆ ಮಗುವಿನ ಕಲ್ಲಿನ ಮೂಲೆಯನ್ನೇ.

ಬಾವುಟ ಬಿತ್ತು. ಓಡುತ್ತಿದ್ದವರ ನಡುವೆ ಲೊವೆಲ್ ಕೂಡ ಓಡಿದ. ಗೇಲನ್‌ನ ಎಂಜಿನ್ ಮೊದಲ ಎಳೆತಕ್ಕೇ ಹತ್ತಿತು. ಹತ್ತಿದ್ದೇ ಏರಿತು, ಏರಿ ಕೀರಲಾಯಿತು. ಜನ ಹುರುಪಿನಿಂದ ಕೂಗಿದರು. ಗೇಲನ್ ಕಾಲು ಚಾಚಿ ಕೂತ. ಲೊವೆಲ್ ತನ್ನ ಗಾಡಿಯನ್ನು ದಾಟಿದ. ದಾಟಿದ್ದು ಅವನಿಗೇ ಗೊತ್ತಾಗಲಿಲ್ಲ. ಗೇಲನ್‌ನ ಎಂಜಿನ್ನಿನ ಮುಂದೆ ಬಾಗಿ, ಸ್ಪಾರ್ಕ್ ಪ್ಲಗ್ಗಿನ ವೈರಿಗೆ ಕೈ ಹಾಕಿ ಕಿತ್ತ. ಮೊಣಕೈವರೆಗೂ ಒದ್ದ ಹಾಗೆ ಶಾಕು ಹೊಡೆಯಿತು. ವೈರಿನ ತುದಿಯ ರಬ್ಬರು ಟೊಪ್ಪಿಗೆ ಹರಿದು ಕೈಯಲ್ಲೇ ಉಳಿಯಿತು. ಕೀರಲು ನಿಂತಿತು. ಉಳಿದ ಗಾಡಿಗಳು ಧೂಳೆಬ್ಬಿಸಿ ಹೊರಟುಹೋದವು, ಆ ಧೂಳು ಇಬ್ಬರ ಬಾಯಿಗೂ ತುಂಬಿತು.

ಗೇಲನ್ ಇಳಿದು ಅವನ ಎದೆಗೆ ಕೈಯಿಟ್ಟು ನೂಕಿದ. ಲೊವೆಲ್ ಹುಲ್ಲಿನ ಮೇಲೆ ಕುಕ್ಕರಿಸಿ ಬಿದ್ದ. "ಇಷ್ಟು ಹೊಟ್ಟೆಕಿಚ್ಚೇನೋ ನಿಂಗೆ? ಇಷ್ಟು? ಎಲ್ರ ಕಣ್ಣ ಮುಂದೆ?" ಕುರ್ಚಿಗಳಿಂದ ಜನ ಏಳುತ್ತಿದ್ದರು. "ಮನೆಗೆ ಕರ್ಕೊಂಡ್ ಹೋಗಮ್ಮ ನೊರೀನ್, ಗಂಡನ್ನ," ಎಂದು ಒಂದು ದನಿ, "ಡೀಕನ್ ಅಂತೆ ಡೀಕನ್," ಎಂದು ಇನ್ನೊಂದು. ನೊರೀನ್ ತಟ್ಟೆ ಹಿಡಿದು ನಿಂತೇ ಇದ್ದಳು. ಲೊವೆಲ್ ರಬ್ಬರು ಟೊಪ್ಪಿಗೆಯನ್ನು ಎಡಗೈ ಮುಷ್ಟಿಯಲ್ಲಿ ಬಿಗಿದ. ತಾನು ಕಿತ್ತದ್ದು ಅವನ ಜೀವ ಉಳಿಸಲೋ, ಆ ಗಾಡಿ ಮುಂದೆ ಹೋಗುವುದನ್ನು ಸಹಿಸಲಾರದೆಯೋ ಎಂದು ಅವನು ನಿಜವಾಗಿಯೂ ಹುಡುಕುತ್ತಿದ್ದ. ಕೈ ಇನ್ನೂ ಜುಮ್ಮೆನ್ನುತ್ತಿತ್ತು.

ಕ್ಲೀಟಸ್ ಬಂದ. ಅವನಿಗೂ ಸಿಟ್ಟಿತ್ತು, ಆದರೆ ಆ ಕೀರಲನ್ನು ಅವನೂ ಕೇಳಿದ್ದ. ಬಾಗಿ ನೋಡಿದ. ಬೆರಳಿಂದ ತಂತಿಯನ್ನು ಮುಟ್ಟಿದ, ತೋಳನ್ನು ಅಲುಗಿಸಲು ನೋಡಿದ.

"ಇದನ್ನ ಯಾರು ಕಟ್ಟಿದ್ದು?"

"ನಾನೇ. ಸ್ಪ್ರಿಂಗ್ ಹೋಗಿತ್ತು. ಯಾಕೆ?"

"ಗೇಲನ್." ಕ್ಲೀಟಸ್ ದನಿ ಇಳಿಸಿದ. "ಗವರ್ನರ್‌ಗೆ ತಂತಿ ಬಿಗಿದ್ರೆ ಅದು ಇದ್ದೂ ಸತ್ತ ಹಾಗೆ. ಎರಡನೇ ತಿರುವಿನ ಹೊತ್ತಿಗೆ ಫ್ಲೈವೀಲು ನಿನ್ನ ತೊಡೆ ಮೇಲಿರ್ತಿತ್ತು. ದಾಣಿ ಅಂಗಡಿ ತೂತು ನೋಡಿದೀಯಲ್ಲ, ಅದು ಹೀಗೇ ಆಗಿದ್ದು."

ಗೇಲನ್ ತಂತಿಯನ್ನು ನೋಡಿದ. ತನ್ನ ತೊಡೆಯನ್ನು ನೋಡಿಕೊಂಡ. ಅವನ ಮುಖದ ಕೆಂಪು ಇಳಿಯತೊಡಗಿ, ಬಾಯಿ ಸಡಿಲವಾಗಿ, ಅವನು ಕೆಳಗೆ ಬಿದ್ದಿದ್ದ ಲೊವೆಲ್‌ನ ಕಡೆ ತಿರುಗಿದ. ಆ ಮುಖವನ್ನು ಲೊವೆಲ್ ಮಾರ್ಚಿನ ಆ ಬೆಳಿಗ್ಗೆಯ ನಂತರ ಕಂಡಿರಲಿಲ್ಲ. ಇನ್ನೊಂದು ಕ್ಷಣ ಹೀಗೇ ಇದ್ದರೆ ಜಗಳವೆಲ್ಲ ಮುಗಿದೇಹೋಗುತ್ತಿತ್ತು. ಕೃತಜ್ಞತೆ, ಕಣ್ಣೀರು, ಪುಡ್ಡಿಂಗು. ಆಗ ಗೇಲನ್‌ನ ಕಣ್ಣು ಸೀಟಿನ ಬೆನ್ನಿಗೆ ಹೋಯಿತು. ಸೀಮೆಸುಣ್ಣದ ಶಿಲುಬೆ ಬಿಸಿಲಿಗೆ ಬೆಳ್ಳಗೆ ಕಾಣುತ್ತಿತ್ತು.

"ಗುರುತು ನೀನೇ ಹಾಕಿದ್ದು," ಎಂದ ಗೇಲನ್.

"ಹೂಂ."

"ತಂತಿ ನೋಡಿ ಹಾಕಿದ್ಯಾ, ನೋಡ್ದೆ ಹಾಕಿದ್ಯಾ?"

ಗಾಡಿಗಳು ಆಚೆ ತಿರುವಿನಲ್ಲಿ ಸುತ್ತುತ್ತಿದ್ದವು. "ಅವರಿಗೆ ಕಣ್ಣು ಅಷ್ಟಾಗಿ..." ಎಂದು ಪಾಸ್ಟರ್ ಹಿಂದಿನಿಂದ ಮೆಲ್ಲಗೆ ಶುರುಮಾಡಿದರು. ಅವರು ಕರುಣೆಯ ಮನುಷ್ಯ. ಅದೇ ದಾರಿ ಮತ್ತೆ ತೆರೆದಿತ್ತು, ಹಾಸಿದ ಹಸಿ ಹುಲ್ಲಿನ ಹಾಗೆ. ಲೊವೆಲ್ ಸುಮ್ಮನೆ ತಲೆಯಾಡಿಸಿದರೆ ಸಾಕಿತ್ತು. ಅವನು ನೆಲಕ್ಕೆ ಕೈಯೂರಿ ಎದ್ದು ನಿಂತ.

"ನನ್ನ ಕಣ್ಣು ಸರಿಯಾಗೇ ಇದೆ, ಗೇಲನ್," ಎಂದ.

ಗೇಲನ್ ಬಲಗೈ ಚಾಚಿದ. ಆ ಕೈ ತನಗಾಗಿ ಎಂದುಕೊಂಡು ಲೊವೆಲ್ ತನ್ನದನ್ನು ಮುಂದೆ ಮಾಡಿದ, ಸೀಮೆಸುಣ್ಣದ ಪುಡಿ ಹತ್ತಿದ ಕೈ. ಗೇಲನ್ ಅದನ್ನು ಹಿಡಿಯಲಿಲ್ಲ. ಅಂಗೈ ಮೇಲೆ ಮಾಡಿ ಕಾದ. ಅವನಿಗೆ ಬೇಕಾಗಿದ್ದದ್ದು ತನ್ನ ಗಾಡಿಯ ರಬ್ಬರು ಟೊಪ್ಪಿಗೆ. ಲೊವೆಲ್ ಎಡಗೈಯ ಮುಷ್ಟಿ ಬಿಚ್ಚಿ ಅದನ್ನು ಅವನ ಅಂಗೈಯಲ್ಲಿಟ್ಟ.